ಮಾತ್ರೆಯಕ್ಕ ಹೊಸ ಭಾಷೆ ಕಲಿತದ್ದು

ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ನಿಂತ ಹೆಂಗಸಿಗೆ ಸ್ವಂತ ಹೆಸರು ಉಳಿಯುವುದು ಸಂಬಳದ ಚೀಟಿಯಲ್ಲಿ ಮಾತ್ರ. ರೋಗಿಗಳು, ನರ್ಸುಗಳು, ಕೊನೆಗೆ ಡಾಕ್ಟರುಗಳು ಕೂಡ ಅವಳನ್ನು ಮಾತ್ರೆಯಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿಯಿಂದ ಚೀಟಿ ಒಳಗೆ ಬಂದರೆ ಸಾಕು, ಅವಳ ಕೈ ಕಣ್ಣಿಗಿಂತ ಮೊದಲೇ ಸರಿಯಾದ ಗೂಡಿಗೆ ಹೋಗುತ್ತಿತ್ತು. ಮಾತ್ರೆಯ ಹಾಳೆ ಕತ್ತರಿಸಿ ಕಾಗದದ ಕವರಿಗೆ ಹಾಕುವಳು. ಓದು ಬಾರದವರಿಗಾಗಿ ಕವರಿನ ಮೇಲೆ ಬೆಳಗಿಗೆ ಸೂರ್ಯ, ರಾತ್ರಿಗೆ ಅರ್ಧಚಂದ್ರ ಬರೆಯುವಳು. ಹೇಗೆ ನುಂಗಬೇಕೆಂದು ಹೇಳಿ, ಆಮೇಲೆ "ಈಗ ನೀವು ಹೇಳಿ ನೋಡೋಣ" ಎಂದು ಅವರ ಬಾಯಲ್ಲೇ ಹೇಳಿಸುವವರೆಗೆ ಕವರು ಕೈಬಿಡುತ್ತಿರಲಿಲ್ಲ. ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. ಗೊಣಗಿದರೆ ಯಾರೂ ಸಾಯುವುದಿಲ್ಲ, ತಪ್ಪು ಮಾತ್ರೆ ನುಂಗಿದರೆ ಸಾಯುತ್ತಾರೆ ಎನ್ನುವುದು ಅವಳ ಲೆಕ್ಕ.

ಇಂಥವಳು ತನ್ನ ಐವತ್ಮೂರನೆಯ ವಯಸ್ಸಿನಲ್ಲಿ ಒಂದು ಸೋಮವಾರ, ಹನ್ನೊಂದೂವರೆಯ ನೂಕುನುಗ್ಗಲಿನಲ್ಲಿ, ಜ್ವರದ ಮಾತ್ರೆ ಕೈಯಲ್ಲಿ ಹಿಡಿದು ಅದರ ಹೆಸರು ಮರೆತಳು. ದಿನಕ್ಕೆ ಇನ್ನೂರು ಸಲ ಹೇಳುವ ಹೆಸರು. ಬಾಯಿ ತೆರೆದಿದೆ, ಹೆಸರು ಬರುತ್ತಿಲ್ಲ. ಅರ್ಧ ನಿಮಿಷವಿದ್ದೀತು. ಹಾಳೆಯ ಹಿಂಬದಿ ನೋಡಿ, ಓದಿ ಹೇಳಿ, ಕೊಟ್ಟು ಕಳಿಸಿದಳು. ಯಾರೂ ಗಮನಿಸಲಿಲ್ಲ. ನನಗೋ ನಿಮಗೋ ಹೀಗಾದರೆ ತಲೆ ಕೆರೆದುಕೊಂಡು ನಕ್ಕು ಸುಮ್ಮನಾಗುತ್ತೇವೆ. ಅವಳ ಕೈಕಾಲು ತಣ್ಣಗಾದವು.

ಕಾರಣ ಅವಳ ತಾಯಿ. ತಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಆ ಕಾಲಕ್ಕೆ ಊರಿನ ಆರುನೂರು ನಂಬರು ಅವಳಿಗೆ ಬಾಯಿಪಾಠ. ಐವತ್ತಾರಕ್ಕೆ ತನ್ನ ಮನೆಯ ನಂಬರೇ ಮರೆತಳು. "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮ್ಮಮ್ಮನಿಗೆ ನಾಲ್ಕು ವರ್ಷ ಮೊದಲೇ ಬಂತಲ್ಲ" ಎಂದು ಪಕ್ಕದ ಮನೆಯವರು ತಮಾಷೆ ಮಾಡಿದರು. ತಮಾಷೆ ಹೆಚ್ಚು ದಿನ ನಡೆಯಲಿಲ್ಲ. ಮೊದಲು ನಂಬರುಗಳು ಹೋದವು, ಆಮೇಲೆ ವಸ್ತುಗಳ ಹೆಸರು, ಆಮೇಲೆ ಮನುಷ್ಯರದು. ಹೆಣ್ಣುಮಕ್ಕಳಿಬ್ಬರೂ ಸೇರಿ ಮನೆತುಂಬ ಚೀಟಿ ಅಂಟಿಸಿದರು: ಉಪ್ಪು, ಬಾಗಿಲು, ಬಚ್ಚಲು, ಕನ್ನಡಿ. ತಾಯಿಯನ್ನು ಕೊನೆಯವರೆಗೆ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡವಳು ತಂಗಿ. ಒಂದು ದಿನ ಅವಳು ತನ್ನ ಎದೆಯ ಮೇಲೇ ಒಂದು ಚೀಟಿ ಪಿನ್ನು ಹಾಕಿಕೊಂಡು ನಿಂತಳು: ನಾನು ನಿನ್ನ ಚಿಕ್ಕ ಮಗಳು. ತಾಯಿ ಅದನ್ನು ಗಟ್ಟಿಯಾಗಿ ಓದಿ, "ಹೌದಾ? ಒಳ್ಳೇದಮ್ಮ" ಎಂದಿದ್ದಳು.

ತಾಯಿ ತೀರಿಕೊಂಡು ಎರಡು ವರ್ಷ. ಚಿಕ್ಕಂದಿನಲ್ಲಿ ಲೆಕ್ಕದಲ್ಲಿ ನೂರಕ್ಕೆ ನೂರು ಬಂದಾಗಲೆಲ್ಲ ಎಲ್ಲರೂ ಮಾತ್ರೆಯಕ್ಕನ ಕೆನ್ನೆ ಚಿವುಟಿ ಹೇಳುತ್ತಿದ್ದದ್ದು ಒಂದೇ ಮಾತು, ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಹೊಗಳಿಕೆಯಾಗಿದ್ದ ಆ ಗಾದೆ ಈಗ ಎದೆಯ ಮೇಲೆ ಕಲ್ಲು ಇಟ್ಟಂತಾಗಿತ್ತು.

ಒಂದು ವಾರ ಒದ್ದಾಡಿದಳು. ಆಮೇಲೆ, ತಮ್ಮ ತಾಯಿಗೆ ಕಣ್ಣಿನ ಹನಿ ಒಯ್ಯಲು ಕೌಂಟರಿಗೆ ಬಂದ ನರರೋಗದ ಡಾಕ್ಟರನ್ನು ಮೆಲ್ಲಗೆ ಕೇಳಿದಳು: "ನಮ್ಮ ಪಕ್ಕದ ಮನೆಯವರಿಗೆ ಕೇಳ್ತಿದ್ದೀನಿ ಸಾರ್. ಅವರಮ್ಮನಿಗೆ ಮರೆವಿನ ಕಾಯಿಲೆ ಇತ್ತು. ಈಗ ಅವರಿಗೆ ಭಯ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಮುಖ ನೋಡಿದರೇ ಪಕ್ಕದ ಮನೆ ಯಾವುದೆಂದು ಗೊತ್ತಾಗುವಂತಿತ್ತು. ಡಾಕ್ಟರು ಒಳ್ಳೆಯವರು, ಗೊತ್ತಾಗದವರಂತೆ ಉತ್ತರಿಸಿದರು.

"ಬಂದು ಪರೀಕ್ಷೆ ಮಾಡಿಸಿಕೊಳ್ಳಲಿ. ಸುಮ್ಮನೆ ಹೆದರಿಕೊಂಡು ಕೂರೋದಕ್ಕಿಂತ ವಾಸಿ. ಜೊತೆಗೆ ತಲೆಗೆ ಏನಾದರೂ ಹೊಸ ಕೆಲಸ ಕೊಡಲಿ. ಹೊಸ ಭಾಷೆ ಕಲಿಯೋದು ಒಳ್ಳೇದು ಅಂತಾರೆ. ಗ್ಯಾರಂಟಿ ಏನಿಲ್ಲ."

ಮಾತ್ರೆ ನುಂಗಿ ಪಥ್ಯ ಬಿಡುವವರನ್ನು ಇಪ್ಪತ್ತಾರು ವರ್ಷ ಬೈದವಳು ತಾನು ಮಾಡಿದ್ದೇನು? ಪರೀಕ್ಷೆಯ ಮಾತು ಕಿವಿಯ ಹೊರಗೇ ಉಳಿಯಿತು. ಭಾಷೆಯ ಮಾತು ಮಾತ್ರ ಒಳಗೆ ಹೋಯಿತು.

ಆಸ್ಪತ್ರೆಯಿಂದ ಎರಡು ಸ್ಟಾಪು ದಾಟಿದರೆ ವಿಶ್ವವಿದ್ಯಾಲಯ. ಅಲ್ಲಿನ ಭಾಷಾ ವಿಭಾಗದಲ್ಲಿ ವಾರಕ್ಕೆ ಮೂರು ಸಂಜೆ, ಐದೂವರೆಯಿಂದ ಏಳರವರೆಗೆ, ಹೊರಗಿನವರೂ ಸೇರಬಹುದಾದ ಕೋರ್ಸು ಇತ್ತು. ಕಚೇರಿಯ ಗುಮಾಸ್ತ ಏಳು ಭಾಷೆಗಳ ಪಟ್ಟಿ ಮುಂದಿಟ್ಟು, "ಯಾವುದು ಬೇಕು ಮೇಡಂ?" ಎಂದ.

"ಇದರಲ್ಲಿ ಈ ಊರಲ್ಲಿ ಯಾರಿಗೂ ಬರದೇ ಇರೋದು ಯಾವುದು?"

ಗುಮಾಸ್ತ ಪೆನ್ನು ಕೆಳಗಿಟ್ಟು ಅವಳನ್ನೊಮ್ಮೆ ಪೂರ್ತಿ ನೋಡಿದ. ಅವಳ ಲೆಕ್ಕಾಚಾರ ಅವನಿಗೇನು ಗೊತ್ತು? ಯಾರಿಗೂ ಬಾರದ ಭಾಷೆಯಾದರೆ ಅವಳು ಮರೆತದ್ದನ್ನು ಹಿಡಿಯುವವರೂ ಇರುವುದಿಲ್ಲ. ಸಮುದ್ರದಾಚೆಯ, ಅಕ್ಷರವೂ ಬೇರೆಯಾದ ಒಂದು ಭಾಷೆಯ ಮೇಲೆ ಅವನು ಬೆರಳಿಟ್ಟ. ಅವಳು ಅದಕ್ಕೇ ಸೇರಿದಳು. ಗಂಡನಿಗೆ ಆಸ್ಪತ್ರೆಯಲ್ಲಿ ಸ್ಟಾಕು ನೋಡುವ ಕೆಲಸವಿದೆ, ಮೂರು ದಿನ ತಡವಾಗುತ್ತದೆ ಎಂದು ಸುಳ್ಳು ಹೇಳಿದಳು. ನಿಜ ಹೇಳಿದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂಬುದಕ್ಕೆ ಅವಳ ಬಾಯಲ್ಲಿ ಮಾತಿರಲಿಲ್ಲ.

ಮೊದಲ ದಿನ ಅವಳು ಬಾಗಿಲಲ್ಲಿ ಕಾಣಿಸಿಕೊಂಡ ಕೂಡಲೇ ಹತ್ತೊಂಬತ್ತು ಇಪ್ಪತ್ತರ ಆ ಹುಡುಗ ಹುಡುಗಿಯರೆಲ್ಲ ಎದ್ದು ನಿಂತು ನಮಸ್ಕಾರ ಹೇಳಿದರು. ಮೇಡಂ ಬಂದರು ಅಂದುಕೊಂಡಿದ್ದರು. ಅವಳು ಹೋಗಿ ಕೊನೆಯ ಬೆಂಚಿನಲ್ಲಿ ಕೂತಾಗ ಒಂದು ಕ್ಷಣ ಏನು ಮಾಡಬೇಕೋ ತಿಳಿಯದೆ ಹಾಗೇ ನಿಂತಿದ್ದರು. ನಿಜವಾದ ಮೇಡಂ ಮೂವತ್ತರ ಸಣಕಲಿ, ಸೈಕಲ್ಲಿನಲ್ಲಿ ಬರುವವಳು, ತರಗತಿಯೊಳಗೂ ಒಂದು ಪ್ಯಾಂಟಿನ ಕಾಲು ಮಡಚಿಕೊಂಡೇ ಇರುತ್ತಿದ್ದಳು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಬಗ್ಗಲಿಲ್ಲ. ಮೊದಲ ತಿಂಗಳು ಕಲಿತ ಪದ ಬಸ್ಸಿಳಿಯುವಷ್ಟರಲ್ಲಿ ಮಾಯ. ನೀರು ಎನ್ನುವುದಕ್ಕೆ ಆ ಭಾಷೆಯ ಮಾತನ್ನು ಒಂಬತ್ತು ಸಲ ಬರೆದಳು, ಹತ್ತನೆಯ ಸಲ ತಲೆ ಖಾಲಿ. ಇದು ಕಲಿಯುವವರ ಮರೆವೋ ಅಥವಾ ಅಮ್ಮನ ಮರೆವೋ? ಎರಡೂ ನೋಡಲು ಒಂದೇ ತರಹ. ಒಂದು ಸಂಜೆ ಮೇಡಂ ಅವಳನ್ನು ಎಬ್ಬಿಸಿ ಕಿಟಕಿ ತೋರಿಸಿ ಕೇಳಿದಳು. ಮಾತ್ರೆಯಕ್ಕ ನಿಂತೇ ಇದ್ದಳು, ಕಣ್ಣು ತುಂಬಿ ಬಂತು.

"ಅಯ್ಯೋ, ಅಳ್ತೀರಾ ಯಾಕೆ?" ಎಂದಳು ಮೇಡಂ. "ಮುಂದಿನ ಬೆಂಚು, ನೀವು ಹೇಳಿ. ಕಿಟಕಿಗೆ ಏನು?"

ಮುಂದಿನ ಬೆಂಚಿನವರಿಗೂ ಬರಲಿಲ್ಲ. ಅದರ ಹಿಂದಿನವರಿಗೂ ಬರಲಿಲ್ಲ. ಇಪ್ಪತ್ತೆರಡು ಜನರಲ್ಲಿ ಹೇಳಿದವರು ಮೂವರು.

"ನೋಡಿದ್ರಾ? ಮರೀದೇ ಯಾರಿಗೂ ಭಾಷೆ ಬರಲ್ಲ. ಏಳು ಸಲ ಮರೆತ ಪದಾನೇ ಗಟ್ಟಿಯಾಗಿ ಕೂರೋದು. ಇಲ್ಲಿ ಮರೆಯೋದು ಪಾಠದ ಒಂದು ಭಾಗ."

ಆ ಇಪ್ಪತ್ತೆರಡು ಜನರ ಮಧ್ಯೆ ಅವಳು ಎಷ್ಟೋ ದಿನಗಳ ಮೇಲೆ ಸರಿಯಾಗಿ ಉಸಿರು ಬಿಟ್ಟಳು. ಊರಿಗೆಲ್ಲ ಮರೆವು ರೋಗ, ಈ ಕೋಣೆಯಲ್ಲಿ ಮಾತ್ರ ಅದು ಮನೆಪಾಠ. ಅಂದಿನಿಂದ ಸಂಜೆ ಐದೂವರೆಯಾಗುವುದನ್ನೇ ಕಾಯತೊಡಗಿದಳು. ಪದಗಳೂ ನಿಧಾನಕ್ಕೆ ನಿಲ್ಲತೊಡಗಿದವು. ಕೌಂಟರಿನಲ್ಲೂ ಒಂದು ವ್ಯತ್ಯಾಸ ಬಂತು. ಬೇರೆ ಕಡೆಯಿಂದ ಬಂದ ರೋಗಿ ತಡವರಿಸಿ ಮಾತಾಡಿದರೆ ಮೊದಲು ಮಾತನ್ನು ತಾನೇ ಕಸಿದುಕೊಂಡು ಮುಗಿಸುತ್ತಿದ್ದವಳು ಈಗ ಅವರು ಹುಡುಕಿಕೊಳ್ಳುವವರೆಗೆ ಕಾಯುತ್ತಿದ್ದಳು. ಹುಡುಕುವ ಕಷ್ಟ ಏನೆಂದು ಗೊತ್ತಾಗಿತ್ತು.

ಮೇಡಂ ಒಂದು ಉಪಾಯ ಹೇಳಿಕೊಟ್ಟಳು. ಮನೆಯ ವಸ್ತುಗಳಿಗೆಲ್ಲ ಚೀಟಿ ಅಂಟಿಸಿ. ಎದುರಿಗೆ ನಮ್ಮ ಭಾಷೆಯ ಪದ, ಹಿಂದೆ ಹೊಸ ಭಾಷೆಯದು. ನೋಡಿದಾಗಲೆಲ್ಲ ಹಿಂದಿನದನ್ನು ನೆನಪಿಸಿಕೊಳ್ಳಿ, ಬರದಿದ್ದರೆ ಮಾತ್ರ ಎತ್ತಿ ನೋಡಿ.

ಮಾತ್ರೆಯಕ್ಕ ಹಾಗೇ ಮಾಡಿದಳು. ಗಂಡನ ಕಣ್ಣಿಗೆ ಬೀಳಬಾರದೆಂದು ಕಪಾಟಿನ ಒಳಬಾಗಿಲಿಗೆ, ಡಬ್ಬಿಗಳ ಹಿಂಬದಿಗೆ, ಕನ್ನಡಿಯ ಕೆಳಗಿನ ಮೂಲೆಗೆ ಅಂಟಿಸಿದಳು. ಒಂದು ಮಾತು ಅವಳ ತಲೆಗೆ ಹೊಳೆಯಲೇ ಇಲ್ಲ ನೋಡಿ. ನಮಗೆ ಹೊಳೆಯುತ್ತದೆ, ಹೊರಗೆ ಕೂತವರಿಗೆ ಎಲ್ಲ ಹೊಳೆಯುತ್ತದೆ.

ಗಂಡ ವಾಚು ರಿಪೇರಿಯವನು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಎಳ್ಳಿನಷ್ಟು ಚಕ್ರ ಹುಡುಕುವವನಿಗೆ ಮನೆಯ ಡಬ್ಬಿ ಕಾಣದೇ ಹೋದೀತೇ? ಮಕ್ಕಳಿಲ್ಲದ ಮನೆ, ಇರುವವರು ಇಬ್ಬರೇ. ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ಚಹಾ ಮಾಡಲು ಸಕ್ಕರೆ ಹುಡುಕಿದ. ಡಬ್ಬಿ ತಿರುಗಿಸಿದರೆ ಹೆಂಡತಿಯ ಗುಂಡು ಅಕ್ಷರ: ಸಕ್ಕರೆ. ಪಕ್ಕದ್ದು: ಉಪ್ಪು. ಕಪಾಟು ತೆಗೆದರೆ: ಬಟ್ಟೆ. ಕನ್ನಡಿಯ ಮೂಲೆಯಲ್ಲಿ: ಕನ್ನಡಿ. ಅತ್ತೆಗಾಗಿ ಇಂಥವೇ ಚೀಟಿಗಳಿಗೆ ಅವನೇ ಅಂಟು ಸವರಿ ಕೊಟ್ಟಿದ್ದ. ಎತ್ತಿ ಹಿಂದೆ ನೋಡಬೇಕೆಂದು ಅವನಿಗೆ ತೋಚಲಿಲ್ಲ. ಒಲೆ ಆರಿಸಿ, ಹೊರಗೆ ಹೋಗಿ, ನಾದಿನಿಗೆ ಫೋನು ಮಾಡಿ ಅತ್ತ.

ಇದ್ಯಾವುದೂ ಮಾತ್ರೆಯಕ್ಕನಿಗೆ ಗೊತ್ತಿಲ್ಲ. ಅವಳಿಗೆ ಕಂಡದ್ದು ಇಷ್ಟು. ಮರುದಿನದಿಂದ ಗಂಡನ ದನಿ ಮೆತ್ತಗಾಯಿತು. ಇಪ್ಪತ್ತೇಳು ವರ್ಷ "ಎಲ್ಲೇ ನನ್ನ ಕನ್ನಡಕ?" ಎಂದು ಕೂಗುತ್ತಿದ್ದವನು ತಾನೇ ಹುಡುಕಿಕೊಳ್ಳತೊಡಗಿದ. ಒಲೆಯ ಹತ್ತಿರ ಅವಳು ಹೋದರೆ ಹಿಂದೆಯೇ ಬಂದು ನಿಲ್ಲುತ್ತಿದ್ದ. ಬಸ್‌ಸ್ಟಾಪಿನವರೆಗೆ ಜೊತೆಗೆ ಬಂದು, ಬಸ್ಸಿನ ನಂಬರು ಅವಳಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದುತ್ತಿದ್ದ. ತಂಗಿ ದಿನಾ ಫೋನು ಮಾಡುತ್ತಿದ್ದಳು. ತನ್ನ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಅವಳಿಗೆ ಮಾತಿಗೆ ಪುರಸೊತ್ತಿರುತ್ತಿದ್ದದ್ದೇ ಅಪರೂಪ.

"ಅಕ್ಕಾ, ಇವತ್ತು ಯಾವ ವಾರ?"

"ಬುಧವಾರ. ಯಾಕೆ?"

"ಸುಮ್ನೆ ಕೇಳ್ದೆ. ನಿನ್ನೆ ನಾನು ನಿಂಗೆ ಫೋನ್ ಮಾಡಿದ್ನಾ?"

ಇವು ಎಂಥ ಪ್ರಶ್ನೆಗಳೆಂದು ಮಾತ್ರೆಯಕ್ಕನಿಗೆ ಚೆನ್ನಾಗಿ ಗೊತ್ತು. ಅಮ್ಮನನ್ನು ಅವರಿಬ್ಬರೂ ಹೀಗೇ, ಇದೇ ನಗುಮುಖದಲ್ಲಿ ಕೇಳುತ್ತಿದ್ದರು. ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು. ನನಗೆ ಕಾಣದ್ದು ಇವರಿಗೆ ಕಂಡಿದೆ ಅಂದುಕೊಂಡಳು. ತನಗೆ ಮರೆವು ಬಂದಿದೆಯೆಂದು ಕೊನೆಗೆ ತಿಳಿದದ್ದು ಅಮ್ಮನಿಗೇ ಅಲ್ಲವೇ? ಎಲ್ಲರಿಗೂ ತಿಳಿದು ಎರಡು ವರ್ಷವಾದ ಮೇಲೆ. ನಾನು ಏನು ಮಾಡಿದೆ, ಯಾವಾಗ, ಯಾರೆದುರಿಗೆ? ಕೇಳಲು ಧೈರ್ಯವಿಲ್ಲ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಅವಳು ಸೊರಗಿದ್ದನ್ನು ನೋಡಿ ಗಂಡ ಇನ್ನಷ್ಟು ಹೆದರಿದ, ಅವನು ಹೆದರಿದ್ದನ್ನು ನೋಡಿ ಅವಳು ಮತ್ತಷ್ಟು ಸೊರಗಿದಳು.

ಕೋರ್ಸಿನ ಕೊನೆಯ ಪರೀಕ್ಷೆ ಒಂದು ಶುಕ್ರವಾರ. ಅಂದು ಬೆಳಿಗ್ಗೆ ಹಿರಿಯ ಫಾರ್ಮಸಿಸ್ಟರು ಅವಳನ್ನು ಒಳಗೆ ಕರೆದರು. ಮೇಜಿನ ಮೇಲಿನ ಕಾಗದ ಅತ್ತಿತ್ತ ಸರಿಸಿದರು.

"ಅಕ್ಕಾ, ನೀವು ಸ್ವಲ್ಪ ದಿನ ಗೋಡೌನು ನೋಡ್ಕೊಳ್ಳಿ. ಕೌಂಟರು ಬೇಡ."

"ಯಾಕೆ ಸಾರ್? ಏನು ತಪ್ಪು ಕೊಟ್ಟೆ?"

"ತಪ್ಪೇನಿಲ್ಲ. ಸ್ವಲ್ಪ ರೆಸ್ಟು."

"ಯಾರಿಗೆ ಕೊಟ್ಟೆ ಸಾರ್? ಅವರು ಇದಾರಾ? ಹೇಳಿ ಸಾರ್, ಬದುಕಿದಾರಾ?"

"ಅಯ್ಯೋ, ಹಾಗೇನೂ ಇಲ್ಲಕ್ಕಾ" ಎಂದು ಅವರು ಮುಖ ತಗ್ಗಿಸಿದರು. ಅವಳ ಗಂಡನೂ ತಂಗಿಯೂ ಹಿಂದಿನ ದಿನ ಬಂದು ಕಣ್ಣೀರಿಟ್ಟು ಹೋಗಿದ್ದರು, ಯಾರಿಗೂ ಅನಾಹುತವಾಗುವ ಮೊದಲು ಅವಳನ್ನು ಕೌಂಟರಿನಿಂದ ಬಿಡಿಸಿ ಎಂದು. ಯಾರು ಬಂದಿದ್ದರೆಂದು ಹೇಳುವುದಿಲ್ಲವೆಂದು ಅವರು ಮಾತು ಕೊಟ್ಟಿದ್ದರು. ಆ ಮಾತು ಉಳಿಸಿಕೊಂಡರು, ಒಬ್ಬ ಹೆಂಗಸಿನ ಜೀವ ಹಿಂಡಿದರು. ಗೋಡೌನಿನ ಪೆಟ್ಟಿಗೆಗಳ ಮಧ್ಯೆ ಕೂತು ಅವಳು ಕಳೆದ ಆರು ತಿಂಗಳಲ್ಲಿ ಕೊಟ್ಟ ಪ್ರತಿ ಕವರನ್ನೂ ನೆನಪಿಸಿಕೊಳ್ಳಲು ನೋಡಿದಳು. ಯಾರಿಂದ ಸಾಧ್ಯ?

ಪರೀಕ್ಷೆಗೆ ಹೋಗಬಾರದೆಂದುಕೊಂಡವಳನ್ನು ಅಭ್ಯಾಸದ ಕಾಲು ಎಳೆದುಕೊಂಡು ಹೋಯಿತು. ಒಬ್ಬೊಬ್ಬರೇ ಎದ್ದು ನಿಂತು ತಮ್ಮ ಮನೆಯ ಬಗ್ಗೆ ಐದು ನಿಮಿಷ ಆ ಭಾಷೆಯಲ್ಲಿ ಮಾತಾಡಬೇಕು. ಅವಳು ಚೆನ್ನಾಗಿ ತಯಾರಿ ಮಾಡಿಕೊಂಡಿದ್ದಳು. ನಮ್ಮ ಮನೆಗೆ ಎರಡು ಕೋಣೆ, ಗಂಡ ಗಡಿಯಾರ ಸರಿಮಾಡುತ್ತಾರೆ, ಕಿಟಕಿ ದೊಡ್ಡದು. ಎದ್ದು ನಿಂತಾಗ ಅದೊಂದೂ ಬರಲಿಲ್ಲ. ಬಂದದ್ದು ಬೇರೆ.

"ನನ್ನ ಅಮ್ಮ ಮರೆತಳು. ಉಪ್ಪು ಮರೆತಳು. ಬಾಗಿಲು ಮರೆತಳು. ನನ್ನನ್ನು ಮರೆತಳು. ಈಗ ನನ್ನ ಗಂಡ ನನ್ನನ್ನು ನೋಡುತ್ತಾರೆ. ನಾವು ಅಮ್ಮನನ್ನು ನೋಡಿದ ಹಾಗೆ ನೋಡುತ್ತಾರೆ. ಇಂದು ನನ್ನ ಕೆಲಸ ಹೋಯಿತು. ನನಗೆ ಭಯ."

ನಮ್ಮ ಭಾಷೆಯಲ್ಲಾಗಿದ್ದರೆ ಇದನ್ನು ಮುಚ್ಚಲು ಅವಳ ಹತ್ತಿರ ನೂರು ಮಾತಿದ್ದವು. ವಯಸ್ಸಾಯಿತು ನೋಡಿ, ಸ್ವಲ್ಪ ಸುಸ್ತು, ಏನಿಲ್ಲ ಬಿಡಿ. ಆ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದದ್ದು ಮುನ್ನೂರೇ ಪದ, ಅವುಗಳಲ್ಲಿ ಬಚ್ಚಿಟ್ಟುಕೊಳ್ಳಲು ಒಂದೂ ಇರಲಿಲ್ಲ. ಹುಡುಗರೆಲ್ಲರಿಗೂ ಪ್ರತಿ ಪದ ಅರ್ಥವಾಗಿತ್ತು, ಅವರಿಗೂ ಅಷ್ಟೇ ಪದ ಬರುತ್ತಿದ್ದದ್ದು.

ಮೇಡಂ ಹತ್ತಿರ ಬಂದು ಕೂತು, ನಮ್ಮ ಭಾಷೆಯಲ್ಲೇ ಕೇಳಿದಳು: "ಇದನ್ನ ಮನೇಲಿ ಹೇಳಿದ್ದೀರಾ?"

"ಇಲ್ಲ. ಬಾಯೇ ಬರಲ್ಲ."

"ಈಗ ಹೇಳಿದ್ರಲ್ಲ. ಹಾಗೇ ಹೇಳಿ. ಇದೇ ವಾಕ್ಯ, ಇಷ್ಟೇ ಉದ್ದ."

ಮನೆಗೆ ಹೋಗಿ, ಚಪ್ಪಲಿಯನ್ನೂ ಬಿಡದೆ, ಅಷ್ಟೇ ಉದ್ದಕ್ಕೆ ಹೇಳಿದಳು. "ರೀ, ನನಗೆ ಅಮ್ಮನ ಕಾಯಿಲೆ ಬಂದಿದೆ ಅಂತ ಭಯ. ನಿಮಗೆ ಏನು ಕಂಡಿದೆ, ಹೇಳಿ."

ಗಂಡ ಕೈಯಲ್ಲಿದ್ದ ವಾಚು ಕೆಳಗಿಟ್ಟ. "ಉಪ್ಪಿನ ಡಬ್ಬಿ ಮೇಲೆ ಉಪ್ಪು ಅಂತ ಬರೆದು ಅಂಟಿಸಿದ್ಯಲ್ಲೇ. ಇನ್ನೇನು ಕಾಣಬೇಕು ನಂಗೆ?"

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಒಳಗೆ ಓಡಿ ಆ ಚೀಟಿ ಕಿತ್ತು ತಂದು ಹಿಂಬದಿ ತೋರಿಸಿದಳು. ಭಾಷಾ ವಿಭಾಗ, ಮೂರು ಸಂಜೆ, ಸ್ಟಾಕಿನ ಸುಳ್ಳು, ಎಲ್ಲ ಹೊರಗೆ ಬಂತು. ಗಂಡ ಒಂದೊಂದೇ ಚೀಟಿ ಎತ್ತಿ ನೋಡಿದ, ಭೂತಗಾಜು ಹಾಕಿಕೊಂಡೂ ನೋಡಿದ. ನಕ್ಕ, ಬೈದ, ಅತ್ತ, ಅವಳನ್ನು ಕೌಂಟರಿನಿಂದ ಬಿಡಿಸಿದ್ದು ತಾನೂ ನಾದಿನಿಯೂ ಎಂದು ಒಪ್ಪಿಕೊಂಡ. "ಕಳ್ಳಿ" ಎಂದ. ಅವಳೂ ನಕ್ಕಳು. ಆದರೆ ನಗು ಮುಗಿದ ಮೇಲೆ ಜ್ವರದ ಮಾತ್ರೆಯ ವಿಷಯವನ್ನೂ ಹೇಳಿದಳು, ಅದಕ್ಕೆ ಯಾವ ಚೀಟಿಯ ಹಿಂಬದಿಯಲ್ಲೂ ಉತ್ತರವಿರಲಿಲ್ಲ. ಆಮೇಲೆ ಗಂಡನೇ, "ಸೋಮವಾರ ಡಾಕ್ಟರ ಹತ್ರ ಹೋಗೋಣ. ಏನೇ ಇದ್ರೂ ಒಟ್ಟಿಗೆ ಕೇಳೋಣ" ಎಂದ.

ತಂಗಿಯೂ ಬಂದಳು. ಅಮ್ಮನನ್ನು ಇದೇ ಡಾಕ್ಟರ ಹತ್ತಿರ ಕರೆತರುತ್ತಿದ್ದವಳು ಅವಳೇ. ಡಾಕ್ಟರು ಒಂದು ಗಂಟೆ ಕೇಳಿದರು, ಬರೆಸಿದರು, ಐದು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ವಾಪಸು ಕೇಳಿದರು, ಗಡಿಯಾರ ಬಿಡಿಸಿ ಹತ್ತು ಗಂಟೆ ಹತ್ತು ನಿಮಿಷ ತೋರಿಸಿ ಎಂದರು. ಗಂಡ ಕತ್ತು ಉದ್ದ ಮಾಡಿ, "ಚಿಕ್ಕ ಮುಳ್ಳು ಒಂಚೂರು ಮುಂದೆ ಇರಬೇಕಿತ್ತು" ಎಂದು ಗೊಣಗಿ ಡಾಕ್ಟರಿಂದ ಬೈಸಿಕೊಂಡ. ಕೊನೆಗೆ ಅವರು ಕಾಗದ ಮಡಚಿದರು.

"ಸದ್ಯಕ್ಕೆ ಏನೂ ಕಾಣಿಸ್ತಿಲ್ಲ. ಮುಂದೆ ಬರಲ್ಲ ಅಂತ ನಾನು ಹೇಳಲ್ಲ. ವರ್ಷ ಬಿಟ್ಟು ಬನ್ನಿ. ನಿಮ್ಮ ಪಕ್ಕದ ಮನೆಯವರಿಗೂ ಹೇಳಿ."

ಅವಳನ್ನು ಮತ್ತೆ ಕೌಂಟರಿಗೆ ಹಾಕಿಸಲು ಗಂಡ ಹಿರಿಯ ಫಾರ್ಮಸಿಸ್ಟರನ್ನು ಹುಡುಕಿಕೊಂಡು ಹೆಚ್ಚುಕಡಿಮೆ ಓಡಿದ. ಮಾತ್ರೆಯಕ್ಕ ಹೊರಗೆ ಬಂದಾಗ ತಂಗಿ ಕಾರಿಡಾರಿನ ಬೆಂಚಿನಲ್ಲಿ ಚೀಲ ಅವಚಿಕೊಂಡು ಕೂತಿದ್ದಳು.

"ಏನಿಲ್ವಂತೆ ಕಣೇ. ಸದ್ಯಕ್ಕೆ ಏನಿಲ್ವಂತೆ."

"ಒಳ್ಳೇದಾಯ್ತಕ್ಕಾ" ಎಂದಳು ತಂಗಿ. ನೆಲ ನೋಡುತ್ತಿದ್ದಳು. ಖುಷಿಯ ದನಿಯಾಗಿರಲಿಲ್ಲ ಅದು.

"ಏನಾಯ್ತೇ?"

ತಂಗಿ ತಲೆಯೆತ್ತದೆ ಹೇಳಿದಳು. "ಹೋದ ತಿಂಗಳು ಅಂಗಡಿ ಬಾಗಿಲು ಹಾಕಿ ಬೀದಿಗೆ ಇಳಿದೆ. ಮನೆ ಎಡಕ್ಕೋ ಬಲಕ್ಕೋ ಗೊತ್ತಾಗ್ಲಿಲ್ಲ. ಹನ್ನೊಂದು ವರ್ಷದ ದಾರಿ ಅಕ್ಕಾ. ಮೆಟ್ಟಿಲ ಮೇಲೆ ಕೂತ್ಕೊಂಡೆ. ಆಮೇಲೆ ಇನ್ನೊಂದು ಸಲ ಆಯ್ತು." ಚೀಲದ ಹಿಡಿಯನ್ನು ತಿರುಚಿದಳು. "ದಿನಾ ನಿನ್ನ ವಾರ ಕೇಳ್ತಿದ್ದೆನಲ್ಲ. ಭಾವ ಅಂದ್ಕೊಂಡ್ರು ನಿನ್ನ ಪರೀಕ್ಷೆ ಮಾಡ್ತಿದೀನಿ ಅಂತ. ನಂಗೆ ನಿಜವಾಗ್ಲೂ ಗೊತ್ತಾಗ್ತಿರ್ಲಿಲ್ಲ."

ಸುಮ್ನಿರೇ, ಏನೂ ಆಗಿರಲ್ಲ, ಸುಸ್ತಾಗಿರತ್ತೆ ಎಂಬ ಮಾತು ಮಾತ್ರೆಯಕ್ಕನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಬೆಂಚಿನ ಮೇಲೆ ತಂಗಿಯ ಪಕ್ಕಕ್ಕೆ ಒತ್ತಿ ಕೂತು ಅವಳ ಕೈ ಹಿಡಿದಳು.

"ಡಾಕ್ಟರು ಇನ್ನೂ ಒಳಗಿದಾರೆ. ಬಾ."

"ಬೇಡಕ್ಕಾ. ಅವರು ಕೇಳಿದ್ರೆ ನಂಗೆ ಏನಂತ ಹೇಳೋಕೆ ಬರುತ್ತೆ?"

"ಚಿಕ್ಕ ಚಿಕ್ಕದಾಗಿ ಹೇಳು. ದಾರಿ ಮರೆತೆ ಅನ್ನು. ವಾರ ಮರೆತೆ ಅನ್ನು. ಭಯ ಆಗ್ತಿದೆ ಅನ್ನು. ತಪ್ಪಿದ್ರೂ ಪರವಾಗಿಲ್ಲ, ನಾನು ಪಕ್ಕದಲ್ಲೇ ಇರ್ತೀನಿ. ಈಗ ನನ್ನೆದುರಿಗೆ ಒಂದ್ಸಲ ಹೇಳು ನೋಡೋಣ."

ತಂಗಿ ಬಾಯಿ ತೆರೆದಳು, ಮುಚ್ಚಿದಳು. ಮಾತ್ರೆಯಕ್ಕ ಅವಸರ ಮಾಡಲಿಲ್ಲ.

"ದಾರಿ ಮರೆತೆ" ಎಂದಳು ತಂಗಿ. "ವಾರ ಮರೆತೆ."

"ಹೂಂ."

"ಭಯ ಆಗ್ತಿದೆ."

"ನಂಗೂ" ಎಂದಳು ಮಾತ್ರೆಯಕ್ಕ. ಇಬ್ಬರೂ ಎದ್ದು, ತಂಗಿಯ ಹೆಸರು ಬರೆಸಿ, ಡಾಕ್ಟರ ಬಾಗಿಲು ತಟ್ಟಿದರು.